ಆರು ಕಿವಿ, ಒಂದು ಟಾರ್ಚು

ಎಡಗೈಯ ಹೆಬ್ಬೆರಳು, ತೋರುಬೆರಳು ಎರಡಕ್ಕೂ ಮೆತ್ತಿಕೊಂಡ ಸೂಪರ್ ಗ್ಲೂ ಇನ್ನೂ ಪೂರ್ತಿ ಬಿಟ್ಟಿಲ್ಲ. ಇದನ್ನು ಬರೆಯುತ್ತಾ ನಡುನಡುವೆ ಉಗುರಿನಿಂದ ಕೆರೆದು ಚೂರುಚೂರೇ ಕೀಳುತ್ತಿದ್ದೇನೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ, ಇರುವೆ ಗಾತ್ರದ ಒಂದು ಸ್ಕ್ರೂ ತಲೆಯನ್ನು ಗಿಟಾರಿನ ಬೆನ್ನಿಗೆ ಅಂಟಿಸಲು ಹೋಗಿ ಆದ ಅನಾಹುತ ಇದು. ಸ್ಕ್ರೂ ಇರುವುದು ತಿರುಗಿಸಲಿಕ್ಕಲ್ಲವೇ, ಅಂಟಿಸುವುದು ಯಾವ ಊರಿನ ಪದ್ಧತಿ ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಸ್ವಲ್ಪ ತಾಳಿ. ಮೊದಲು ನನ್ನ ಸಿಟ್ಟು ಇಳಿಯಬೇಕು.

ಮನೆಯಲ್ಲಿ ಗಿಟಾರ್ ಇಟ್ಟುಕೊಂಡವರ ಸಂಜೆಯ ದಿನಚರಿ ಎಲ್ಲ ಕಡೆಯೂ ಒಂದೇ. ಕೆಲಸ ಮುಗಿಸಿ ಬಂದು, ಮೂಲೆಯಲ್ಲಿದ್ದದ್ದನ್ನು ಎತ್ತಿ, ಧೂಳು ಒರೆಸಿ, ಫೋನಿನಲ್ಲಿ ಟ್ಯೂನರ್ ಆ್ಯಪ್ ತೆರೆದು, ಒಂದೊಂದೇ ತಂತಿ ಮೀಟುತ್ತಾ ಪರದೆಯ ಮುಳ್ಳು ನಡುಮಧ್ಯಕ್ಕೆ ಬರಲೆಂದು ಉಸಿರು ಬಿಗಿಹಿಡಿದು ಕೂರುವುದು. ಇ, ಎ, ಡಿ, ಜಿ, ಬಿ, ಇ. ಕೊನೆಯ ಇ ಸರಿಯಾಯಿತು ಅನ್ನುವಷ್ಟರಲ್ಲಿ ಜಿ ಇಳಿದಿರುತ್ತದೆ. ಜಿ ಏರಿಸಿದರೆ ಅದು ಬೇಕಾದ್ದಕ್ಕಿಂತ ಮೇಲಕ್ಕೆ ನೆಗೆಯುತ್ತದೆ. ಇಳಿಸಿದರೆ ಇಳಿದಂತೆ ನಟಿಸಿ, ಒಂದು ನಿಮಿಷ ಬಿಟ್ಟು ನಿಜವಾಗಿಯೂ ಇಳಿಯುತ್ತದೆ. ಅಷ್ಟರಲ್ಲಿ ಊಟಕ್ಕೆ ಕರೆ ಬರುತ್ತದೆ. ಗಿಟಾರ್ ಮತ್ತೆ ಮೂಲೆಗೆ. ಈ 22 ವರ್ಷಗಳಲ್ಲಿ ನಾನು ನುಡಿಸಿದ್ದಕ್ಕಿಂತ ಟ್ಯೂನ್ ಮಾಡಿದ್ದೇ ಹೆಚ್ಚು. ಎರಡರ ನಡುವೆ ಕೇಳುವವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಇಲ್ಲ ಎಂಬುದು ನನ್ನ ಹೆಂಡತಿಯ ಅಭಿಪ್ರಾಯ.

ತಂತಿ ಬಿಗಿ ಮಾಡುವ ಆ ಸಾಧನಕ್ಕೆ ಟ್ಯೂನಿಂಗ್ ಮಷೀನ್, ಮಷೀನ್ ಹೆಡ್, ಟ್ಯೂನಿಂಗ್ ಕೀ ಎಂದು ನಾನಾ ಹೆಸರು. ವೀಣೆ ತಂಬೂರಿಗಳಲ್ಲಾದರೆ ಬಿರಡೆ. ನಮ್ಮ ಮನೆಯಲ್ಲಿ ಮಾತ್ರ ಅದು ಕಿವಿ. ಮಗಳು ಮೂರು ವರ್ಷದವಳಿದ್ದಾಗ "ಅಮ್ಮಾ, ಅಪ್ಪ ಗಿಟಾರ್ ಕಿವಿ ಹಿಂಡ್ತಾ ಇದ್ದಾರೆ" ಎಂದು ದೂರು ಕೊಟ್ಟಳು. ಅಂದಿನಿಂದ ಅದೇ ಹೆಸರು ನಿಂತಿತು. ತಪ್ಪೇನಿಲ್ಲ. ತಲೆಯ ಎರಡೂ ಬದಿಗೆ ಮೂರು ಮೂರು ನೆಟ್ಟಗೆ ಎದ್ದಿರುತ್ತವೆ, ಹಿಂಡಿದರೆ ಗಿಟಾರ್ ಕಿರುಚುತ್ತದೆ, ಎಷ್ಟು ಹಿಂಡಿದರೂ ಬುದ್ಧಿ ಬರುವುದಿಲ್ಲ.

ಮೂರು ತಿಂಗಳ ಹಿಂದೆ ಜಿ ತಂತಿಯ ಕಿವಿ ನನ್ನ ಕೈಯಲ್ಲೇ ಪುಡಿಯಾಯಿತು. ಹಳೆಯ ಪ್ಲಾಸ್ಟಿಕ್ ಗುಂಡಿಗಳಿಗೆ ವಯಸ್ಸಾಗುತ್ತಾ ಬಂದರೆ ಕುಗ್ಗಿ, ಬಿರುಕು ಬಿಟ್ಟು, ಒಂದು ದಿನ ಮುಟ್ಟಿದ್ದೇ ತಡ ಉದುರುತ್ತವೆ. ಉಳಿದದ್ದು ಒಂದು ಕಬ್ಬಿಣದ ಕಡ್ಡಿ. ಅದನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿಕೊಂಡು ಕೆಲವು ವಾರ ತಳ್ಳಿದೆ. ಕಿವಿ ಹಿಂಡುವುದನ್ನು ನೋಡಿ ಸುಮ್ಮನಿದ್ದ ಮನೆಯವರು ಇಕ್ಕಳ ಕಂಡ ಮೇಲೆ ಗಿಟಾರಿನ ಪರ ವಹಿಸಿದರು. ಸರಿ, ಜಿ ತಂತಿ ಇಳಿಯುವುದಕ್ಕೂ ಈ ಮುದಿ ಕಿವಿಗಳೇ ಕಾರಣ, ಆರನ್ನೂ ಬದಲಿಸಿದರೆ ಕಾಟ ತಪ್ಪುತ್ತದೆ ಎಂದು ತೀರ್ಮಾನಿಸಿ ಹೊಸ ಸೆಟ್ ತರಿಸಿದೆ. ಬಂದ ಡಬ್ಬಿಯನ್ನು "ಬರುವ ಭಾನುವಾರ ಬಿಚ್ಚೋಣ" ಎಂದು ಎತ್ತಿಟ್ಟೆ. ಮೂರು ಭಾನುವಾರ ಕಳೆದು ಬಿಚ್ಚಿದರೆ ಒಳಗೆ ಆರೂ ಎಡಗಿವಿ.

ಕಳಿಸಿದವರ ತಪ್ಪಲ್ಲ, ನನ್ನದೇ. ಕೆಲವು ಗಿಟಾರುಗಳಿಗೆ ಆರೂ ಕಿವಿ ಒಂದೇ ಬದಿಗೆ ಸಾಲಾಗಿರುತ್ತವೆ. ನಾನು ಒತ್ತಿದ್ದು ಆ ಸೆಟ್ಟಿನ ಚಿತ್ರವನ್ನು. ಮೂರನ್ನು ತಿರುಗಿಸಿ ಬಲಕ್ಕೆ ಕೂರಿಸಿಬಿಡೋಣವೆಂದರೆ, ಎಡದ್ದನ್ನು ಬಲಕ್ಕೆ ಹಾಕಿದಾಗ ಬಿಗಿ ಮಾಡಲು ಹೋದರೆ ಸಡಿಲ, ಸಡಿಲಿಸಲು ಹೋದರೆ ಬಿಗಿ. ವಾಪಸ್ ಮಾಡುವ ಗಡುವೂ ಮುಗಿದಿತ್ತು. ಹೆಂಡತಿಯ ಮುಂದೆ ಮುಖ ಉಳಿಸಿಕೊಳ್ಳಲು ಸ್ವಲ್ಪ ಇತಿಹಾಸ ಬಿಟ್ಟೆ. "ಒಂದೇ ಬದಿಗೆ ಆರು ಅನ್ನೋದು ಹೊಸದೇನಲ್ಲ ಕಣೇ. ವಿಯೆನ್ನಾದಲ್ಲಿ ಸ್ಟಾಫರ್ ಅಂತ ಒಬ್ಬ ಇದ್ದ, 19ನೇ ಶತಮಾನದ ಮೊದಲ ಅರ್ಧದಲ್ಲೇ ಹಾಗೆ ಮಾಡಿದ್ದ. ಅವನ ಹತ್ತಿರ ಕೆಲಸ ಮಾಡಿದ್ದ ಮಾರ್ಟಿನ್ 1833ರಲ್ಲಿ ಅಮೆರಿಕಕ್ಕೆ ಹೋಗಿ ಮೊದಮೊದಲು ಅದೇ ಥರ ಮಾಡಿದ. ಆಮೇಲೆ 1950ರಲ್ಲಿ ಲಿಯೊ ಫೆಂಡರ್ ಎಲೆಕ್ಟ್ರಿಕ್ ಗಿಟಾರಿಗೂ ಆರನ್ನೂ ಒಂದೇ ಕಡೆ ಇಟ್ಟ."

ಅವಳು ಬಟ್ಟೆ ಮಡಿಸುತ್ತಾ ಪೂರ್ತಿ ಕೇಳಿದಳು. "ಅವರೆಲ್ಲ ಬೇಕು ಅಂತ ಮಾಡಿದ್ರು ರೀ," ಅಂದಳು.

ಎರಡನೆಯ ಸೆಟ್ ಕಳೆದ ವಾರ ಬಂತು. ಮೂರು ಎಡ, ಮೂರು ಬಲ, ಎಣಿಸಿ ನೋಡಿದೆ. ಡಬ್ಬಿಯ ಮೇಲೆ ಸ್ಪಷ್ಟವಾಗಿ ಬರೆದಿತ್ತು: ಯಾವ ಬದಲಾವಣೆಯೂ ಬೇಡ, ನೇರವಾಗಿ ಕೂರುತ್ತದೆ. ಈ ಸಾಲನ್ನು ಬರೆದ ಪುಣ್ಯಾತ್ಮ ಯಾರೋ, ಅವನ ಬಳಿ ಒಂದು ಮಾತು ಕೇಳುವುದಿದೆ. ನೇರವಾಗಿ ಕೂರುತ್ತದೆ ಸರಿ, ಎಲ್ಲಿ?

ನಿನ್ನೆ ಸಂಜೆ ಏಳೂವರೆಗೆ, "ಒಂದು ಗಂಟೆ ಕೆಲಸ" ಎಂದು ಘೋಷಿಸಿ ಊಟದ ಮೇಜಿನ ಮೇಲೆ ದಪ್ಪ ಟವಲ್ ಹಾಸಿ ಗಿಟಾರನ್ನು ಬೋರಲು ಮಲಗಿಸಿದೆ. ಟ್ಯೂಬ್‌ಲೈಟ್ ಇತ್ತು. ಆದರೆ ಗಿಟಾರಿನ ತಲೆಯ ಮೇಲೆ ನನ್ನ ತಲೆ ಬಗ್ಗಿದರೆ ಅಲ್ಲಿ ಬೀಳುವುದು ನನ್ನ ನೆರಳೇ. "ಯಾರಾದರೂ ಸ್ವಲ್ಪ ಟಾರ್ಚ್ ಹಿಡೀರಿ" ಎಂದು ಮನೆಯಲ್ಲಿ ಒಂದು ಮಾತು ತೇಲಿಬಿಟ್ಟೆ. ಮಗಳಿಗೆ ನಾಳೆ ಪರೀಕ್ಷೆ. ಹೆಂಡತಿಗೆ ಇವತ್ತೇ ಪರೀಕ್ಷೆ, ನನ್ನನ್ನು ಸಹಿಸಿಕೊಳ್ಳುವುದು. ಹಾಗಾಗಿ ಎದ್ದು ಬಂದವರು ನಮ್ಮ ಮಾವನವರು.

ಮಾವ ಬಲು ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವ ಅವಕಾಶ ಸಿಗಲಿಕ್ಕಿಲ್ಲ. ನಿವೃತ್ತರಾಗಿ ಬಹಳ ವರ್ಷವಾಯಿತು, ಎಲ್ಲದರಲ್ಲೂ ಆಸಕ್ತಿ, ಯಾವುದರಲ್ಲೂ ಆತುರವಿಲ್ಲ. ಮೂರು ಸೆಲ್ಲಿನ ಉದ್ದನೆಯ ಸ್ಟೀಲ್ ಟಾರ್ಚು ಅವರ ಸ್ವಂತದ್ದು, ಹೋದಲ್ಲೆಲ್ಲ ಜೊತೆಗಿರುತ್ತದೆ. ನನ್ನನ್ನು ಇವತ್ತಿಗೂ "ಅಳಿಯಂದಿರೇ" ಎಂದೇ ಕರೆಯುತ್ತಾರೆ. ಪ್ರತಿ ಸಲಹೆಯ ಮೊದಲು "ನನಗೇನು ಗೊತ್ತು, ಆದರೂ ಹೇಳ್ತೀನಿ" ಎಂದು ಪೀಠಿಕೆ ಹಾಕುತ್ತಾರೆ. ಗಿಟಾರಿಗೆ ಆರು ಕಿವಿ; ನನಗಿರುವುದು ಎರಡೇ. ಕಿವಿಮಾತೆಲ್ಲ ಬಂದು ಬೀಳುವುದು ಇವೆರಡಕ್ಕೇ.

ತೊಂದರೆ ಏನೆಂದರೆ, ಮಾವನ ಟಾರ್ಚು ಮಾವನ ಕಣ್ಣು ಹೋದ ಕಡೆ ಹೋಗುತ್ತದೆ. ಕಣ್ಣು ಮಾತು ಹೋದ ಕಡೆ ಹೋಗುತ್ತದೆ. ಮಾತು ಎಲ್ಲಿ ಬೇಕಾದರೂ ಹೋಗುತ್ತದೆ.

"ಈ ಸ್ಕ್ರೂಡ್ರೈವರ್ ಯಾವಾಗ ತಗೊಂಡ್ರಿ?" ಎಂದರೆ ಬೆಳಕು ಸ್ಕ್ರೂಡ್ರೈವರಿನ ಹಿಡಿಯ ಮೇಲೆ. ಅದರ ತುದಿ ಕತ್ತಲಲ್ಲಿ, ತುದಿಯಲ್ಲಿ ನನ್ನ ಬೆರಳು. "ಆ ಮೂಲೆಯಲ್ಲಿ ಬಣ್ಣ ಎದ್ದಿದೆಯಲ್ಲ" ಎಂದರೆ ಬೆಳಕು ಗೋಡೆಯ ಮೂಲೆಗೆ. "ಹೌದು ಹೌದು" ಎಂದು ತಲೆ ಆಡಿಸಿದರೆ ಬೆಳಕೂ ಹೌದು ಹೌದು ಎಂದು ಮೇಲೆ ಕೆಳಗೆ ಆಡುತ್ತದೆ. ಆಕಳಿಸಿದರೆ ಮಾಳಿಗೆಗೆ ಹೋಗಿ ಬರುತ್ತದೆ. ಒಳಗೆ ಫೋನ್ ರಿಂಗಾಯಿತು, ಮಾವ "ನೋಡಿ ಬರ್ತೀನಿ" ಎಂದು ಎದ್ದು ಹೋದರು, ಟಾರ್ಚನ್ನೂ ತೆಗೆದುಕೊಂಡು, ಹೊತ್ತಿಸಿಕೊಂಡೇ. ಹತ್ತು ನಿಮಿಷ ಬೆಳಕು ಪಕ್ಕದ ಕೋಣೆಯಲ್ಲಿ ಯಾರೊಂದಿಗೋ ಮಾತಾಡುತ್ತಿತ್ತು. ಇನ್ನು ಅಪರೂಪಕ್ಕೆ ಕೆಲಸದ ಮೇಲೆಯೇ ನಿಜವಾದ ಆಸಕ್ತಿ ಹುಟ್ಟಿದರೆ, ಹತ್ತಿರದಿಂದ ನೋಡಲೆಂದು ತಮ್ಮ ತಲೆಯನ್ನೇ ಟಾರ್ಚಿಗೂ ಗಿಟಾರಿಗೂ ನಡುವೆ ತರುತ್ತಾರೆ. ಆಗ ನನ್ನ ನೆರಳಿನ ಮೇಲೆ ಅವರ ನೆರಳು.

ಮಗಳಾಗಿದ್ದರೆ "ಬೆಳಕು ಎಲ್ಲಿ ಹಿಡೀತಿದ್ದೀಯೇ!" ಎಂದು ಗದರಬಹುದಿತ್ತು. ಮಾವನಿಗೆ ಹಾಗೆ ಹೇಳಲಾಗುತ್ತದೆಯೇ? ಬಹುವಚನದಲ್ಲಿ ಗದರುವುದು ಕನ್ನಡದಲ್ಲಿ ಬಲು ಕಷ್ಟದ ಕೆಲಸ. ಮೊದಮೊದಲು "ಮಾವ, ಬೆಳಕು ಸ್ವಲ್ಪ ಈ ಕಡೆ ಬಂದರೆ ಅನುಕೂಲ" ಎನ್ನುತ್ತಿದ್ದೆ, ಬೆಳಕು ತಾನಾಗಿಯೇ ಎದ್ದು ಓಡಾಡುತ್ತಿದೆ ಎಂಬ ಧಾಟಿಯಲ್ಲಿ. ಆಮೇಲೆ "ಮಾವ, ಬೆಳಕು" ಎಂದಷ್ಟೇ. ಆಮೇಲೆ ಬರೀ "ಮಾವ." ಅದಕ್ಕವರು ಪ್ರತಿ ಸಲವೂ ಬಹಳ ತಾಳ್ಮೆಯಿಂದ, "ಹಿಡಿದೇ ಇದ್ದೀನಲ್ಲ ಅಳಿಯಂದಿರೇ" ಎನ್ನುತ್ತಿದ್ದರು. ಸುಳ್ಳಲ್ಲ. ಹಿಡಿದೇ ಇದ್ದರು.

ತಂತಿ ಬಿಚ್ಚುವ ಮೊದಲು, ರೋಗ ಏನೆಂದು ಅವರಿಗೂ ಗೊತ್ತಾಗಲಿ ಎಂದು ಗಿಟಾರನ್ನು ಎತ್ತಿ ಜಿ ತಂತಿಯನ್ನು ಇಕ್ಕಳದಲ್ಲಿ ಏರಿಸಿ ತೋರಿಸಿದ್ದೆ. 'ಟಿಣ್' ಎಂದಿತು. ಮಾವನ ಟಾರ್ಚು ಥಟ್ಟನೆ ಕಿವಿಯನ್ನು ಬಿಟ್ಟು ಕೆಳಗೆ, ಗಿಟಾರಿನ ಕತ್ತು ತಲೆಗೆ ಕೂಡುವಲ್ಲಿರುವ ಬಿಳಿ ಪಟ್ಟಿಯ ಮೇಲೆ ನಿಂತಿತು. ಆರು ಸಣ್ಣ ಗೀರುಗಳಲ್ಲಿ ಆರು ತಂತಿ ಹಾದುಹೋಗುತ್ತವಲ್ಲ, ಆ ಪಟ್ಟಿ.

"ಟಿಣ್ ಅಂದಿದ್ದು ಇಲ್ಲಿಂದ ಅಲ್ವಾ? ಇದೇನಿದು?"

"ಅದು ನಟ್, ಮಾವ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಳಕು ಸ್ವಲ್ಪ..."

"ನಟ್ಟು? ಈ ಕಿವಿಗಳ ಮುಂದೆ ಗುಂಡಗೆ ಕೂತುಕೊಳ್ಳೋದೂ ನಟ್ಟು ಅಂದ್ರಿ?"

"ಅದು ಬೇರೆ ನಟ್ಟು."

"ಹಾಗಾದ್ರೆ ಇದರ ಬೋಲ್ಟ್ ಎಲ್ಲಿ?"

ವಿಷಯ ಬದಲಿಸಲು ಹೊಸ ಕಿವಿಯೊಂದನ್ನು ಅವರ ಕೈಗೆ ಕೊಟ್ಟು ಪಾಠ ಶುರು ಮಾಡಿದೆ. ಒಳಗಿರುವುದು ಎರಡೇ ಭಾಗ. ಗುಂಡಿಯ ಜೊತೆ ತಿರುಗುವ, ಸ್ಕ್ರೂವಿನ ಹಾಗೆ ಸುರುಳಿ ಕೊರೆದ ಒಂದು ದಂಡ. ಅದಕ್ಕೆ ಹಲ್ಲು ಕೊಟ್ಟು ನಿಂತ ಒಂದು ಪುಟ್ಟ ಚಕ್ರ. ಚಕ್ರದ ಮೇಲಿನ ಕಂಬಕ್ಕೆ ತಂತಿ ಸುತ್ತಿಕೊಳ್ಳುತ್ತದೆ. ಗುಂಡಿಯನ್ನು 18 ಸುತ್ತು ತಿರುಗಿಸಿದರೆ ಕಂಬ ಒಂದು ಸುತ್ತು, ಹಳೆಯದರಲ್ಲಿ 14ಕ್ಕೆ ಒಂದು. ಸುತ್ತು ಹೆಚ್ಚಿದಷ್ಟೂ ಶ್ರುತಿ ನವಿರಾಗಿ ಹೊಂದುತ್ತದೆ. ಆ ಸುರುಳಿ ದಂಡಕ್ಕೆ ಇಂಗ್ಲಿಷಿನಲ್ಲಿ ವರ್ಮ್ ಎಂದು ಹೆಸರು, ಅಂದರೆ ಹುಳ. ಗಿಟಾರಿನ ತಲೆಯಲ್ಲಿ ಹೀಗೆ ಆರು ಹುಳ. ಏಳನೆಯದನ್ನು ನಾನಾಗಿಯೇ ನನ್ನ ತಲೆಗೆ ಬಿಟ್ಟುಕೊಂಡಿದ್ದೆ.

"ಇದರ ಚಮತ್ಕಾರ ಏನು ಗೊತ್ತಾ ಮಾವ? ಹುಳ ಚಕ್ರವನ್ನು ತಿರುಗಿಸುತ್ತೆ. ಚಕ್ರ ಹುಳವನ್ನು ತಿರುಗಿಸಕ್ಕಾಗಲ್ಲ. ಆರು ಉಕ್ಕಿನ ತಂತಿ ಸೇರಿ ಹತ್ತಿರ ಹತ್ತಿರ 70 ಕೆಜಿ ಸೆಳೀತವೆ, ಅಂದ್ರೆ ನಿಮ್ಮಷ್ಟು ತೂಕ. ನೀವು ಇದಕ್ಕೆ ಜೋತುಬಿದ್ರೂ ಕಿವಿ ಹಿಂದಕ್ಕೆ ತಿರುಗಲ್ಲ."

ಮಾವ ಹೊಸ ಕಿವಿಯನ್ನು ತಿರುಗಿಸಿ, ಆಮೇಲೆ ಕಂಬವನ್ನು ಹಿಡಿದು ತಿರುಗಿಸಲು ನೋಡಿ, ಮೆಚ್ಚಿಕೊಂಡರು. ಸ್ವಲ್ಪ ಹೊತ್ತು ಯೋಚಿಸಿದರು. "ನನಗೇನು ಗೊತ್ತು, ಆದರೂ ಕೇಳ್ತೀನಿ. ಹಿಂದಕ್ಕೆ ತಿರುಗೋದೇ ಇಲ್ಲ ಅಂದ್ಮೇಲೆ ತಂತಿ ಇಳಿಯೋದು ಹೇಗೆ?"

"ಮಾವ, ಬೆಳಕು," ಎಂದೆ.

ಹಳೆಯ ಕಿವಿಗಳು ಸುಲಭವಾಗಿ ಬಂದವು. ತಲಾ ಎರಡು ಸ್ಕ್ರೂ ಬಿಚ್ಚಿ, ಮುಂದುಗಡೆ ತೂತಿನ ಬಾಯಿಗೆ ಕೂತಿದ್ದ ಪುಟ್ಟ ಲೋಹದ ಬಳೆಗಳನ್ನು, ಅಂದರೆ ಬುಶ್ಶುಗಳನ್ನು, ಹಿಂದಿನಿಂದ ಮೆಲ್ಲಗೆ ತಟ್ಟಿ ಹೊರತೆಗೆದೆ. ಕೊನೆಯ ಕಿವಿಯ ತಗಡು ಎದ್ದು ಬಂದಾಗ ಕೆಳಗೆ ಒಂದು ಬಿಳಿಚು ಗುರುತು ಕಂಡಿತು. ಆರೂ ಕಡೆ ಹಾಗೇ. ವಾರ್ನಿಷ್ ಬೆಳಕಿಗೆ ಕಾಲಕ್ರಮೇಣ ಹಳದಿಗಟ್ಟುತ್ತದೆ, ತಗಡಿನ ಅಡಿಯಲ್ಲಿ ಬೆಳಕು ಬಿದ್ದೇ ಇರಲಿಲ್ಲ. ಈ ಗಿಟಾರಿನ ಬಣ್ಣ ಹಳೆಯ ಪುಸ್ತಕದ ಅಂಚಿನದು ಎಂದೇ ನಾನು ಇಷ್ಟು ದಿನ ಅಂದುಕೊಂಡಿದ್ದೆ. ಅದು ಅಷ್ಟು ಎಳೆಯದಾಗಿತ್ತು ಅನ್ನುವುದೇ ಮರೆತುಹೋಗಿತ್ತು.

"ನಮ್ಮನೆಗೆ ಮೊದಲ ಸಲ ತಂದಾಗ ಈ ಬಣ್ಣವೇ ಇತ್ತು," ಅಂದರು ಮಾವ. "ನಿಮ್ಮತ್ತೆ ನೋಡಿ, ಮುಟ್ಟಬಹುದಾ ಅಂತ ಕೇಳಿದ್ದಳು. ಒಂದು ತಂತಿ ಮೀಟಿ, ಬೆರಳು ಸುಟ್ಟವಳ ಹಾಗೆ ಕೈ ಹಿಂದಕ್ಕೆ ತಗೊಂಡಳು."

ಅತ್ತೆ ಹೋಗಿ ನಾಲ್ಕು ವರ್ಷ. ಅವರು ಮೀಟಿದ ತಂತಿ ಯಾವುದೋ ನನಗೆ ನೆನಪಿಲ್ಲ. ಇಡೀ ಸಂಜೆಯಲ್ಲಿ ಆ ಒಂದು ನಿಮಿಷ ಮಾತ್ರ ಟಾರ್ಚು ಅಲುಗಾಡದೆ ಒಂದೇ ಕಡೆ ನಿಂತಿತ್ತು. ನಾನೂ ಬೇರೆ ಕಡೆ ಹಿಡಿಯಿರಿ ಎನ್ನಲಿಲ್ಲ.

ಆಮೇಲೆ "ನೇರವಾಗಿ ಕೂರುವ" ಹೊಸ ಕಿವಿಯನ್ನು ತೂತಿಗೆ ಇಳಿಸಿದೆ. ಇಳಿಯಲಿಲ್ಲ. ಹಳೆಯ ತೂತು 8.7 ಮಿಲಿಮೀಟರ್ ಆಸುಪಾಸು, ಹೊಸದಕ್ಕೆ ಬೇಕಾದ್ದು 10. ಮಿಲಿಮೀಟರಿನ ಲೆಕ್ಕದಲ್ಲಿ ಒಂದು ಚಿಲ್ಲರೆ ಅಷ್ಟೇ, ಆದರೆ ಮರಕ್ಕೆ ಚಿಲ್ಲರೆ ಅರ್ಥವಾಗುವುದಿಲ್ಲ. ಇರುವ ತೂತನ್ನು ಡ್ರಿಲ್ಲಿನಿಂದ ದೊಡ್ಡದು ಮಾಡಬಾರದು, ಡ್ರಿಲ್ ಬಿಟ್ಟಿಗೆ ನಡುವೆ ಹಿಡಿತ ಸಿಗದೆ ಅಂಚನ್ನು ಕಚ್ಚಿ ಚಕ್ಕೆ ಎಬ್ಬಿಸುತ್ತದೆ ಎಂದು ಬಲ್ಲವರು ಹೇಳುತ್ತಾರೆ. ತುದಿ ಚೂಪಾಗಿ ಬುಡ ದಪ್ಪವಾಗಿರುವ ರೀಮರನ್ನು ಕೈಯಲ್ಲೇ ತಿರುಗಿಸುತ್ತಾ, ಸ್ವಲ್ಪ ಹಿಂದಿನಿಂದ ಸ್ವಲ್ಪ ಮುಂದಿನಿಂದ ಕೊರೆಯಬೇಕು. ನಾಲ್ಕು ತೂತು ಹಾಗೇ ಮಾಡಿದೆ. ಐದನೆಯದಕ್ಕೆ ಅಂಗೈ ಬೊಬ್ಬೆ ಬಂತು. ಡ್ರಿಲ್ ಎತ್ತಿಕೊಂಡೆ. ಬಲ್ಲವರು ಹೇಳಿದ್ದು ನಿಜ.

ಎದ್ದ ಚಕ್ಕೆ ಉಗುರಿನಷ್ಟಿತ್ತು. "ಕಾಣಲ್ಲ ಬಿಡಿ," ಎಂದರು ಮಾವ, ಅದರ ಮೇಲೆಯೇ ಟಾರ್ಚು ಬಿಟ್ಟುಕೊಂಡು.

ಇನ್ನು ಹಿಂದಿನ ಸ್ಕ್ರೂಗಳು. ಹೊಸ ಕಿವಿಗೆ ತಲಾ ಒಂದೇ ಸ್ಕ್ರೂ, ಆದರೆ ಹಳೆಯ ತೂತುಗಳ ಜಾಗದಲ್ಲಲ್ಲ. ಹಳೆಯವು 12, ಹೊಸದಾಗಿ 6. ಗಿಟಾರಿನ ತಲೆಯಲ್ಲಿ ಈಗ ಸ್ಕ್ರೂ ತೂತುಗಳೇ 18. ತಂತಿಗಳ ಸೆಳೆತ ತಡೆಯುವುದು ಮುಂದುಗಡೆಯ ನಟ್ಟು (ಅದೇ, ಬೇರೆ ನಟ್ಟು). ಹಿಂದಿನ ಸ್ಕ್ರೂ ಇರುವುದು ಕಿವಿ ನಿಂತಲ್ಲೇ ಗಿರಗಿರ ತಿರುಗದಿರಲಿ ಎಂದು ಮಾತ್ರ. 2 ಮಿಲಿಮೀಟರ್ ದಪ್ಪದ ಸ್ಕ್ರೂ, ಅದಕ್ಕೆ ಮೊದಲು 1.5 ಮಿಲಿಮೀಟರಿನ ತೂತು. ತಲೆಯ ದಪ್ಪ 15 ಮಿಲಿಮೀಟರ್ ಇದ್ದೀತು. ಹೆಚ್ಚು ಇಳಿದರೆ ಮುಂದುಗಡೆ ಹೊಸದೊಂದು ಮೂಗಿನ ಹೊಳ್ಳೆ ತೆರೆಯುತ್ತದೆಂದು ಡ್ರಿಲ್ ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿಕೊಂಡೆ. ಕಿವಿಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲಲೆಂದು ಸ್ಕೇಲ್ ಒತ್ತಿ ಹಿಡಿದು ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಇಷ್ಟೆಲ್ಲ ಎಚ್ಚರ ವಹಿಸಿಯೂ ನಾಲ್ಕನೆಯದು ಕೊಂಚ ವಾಲಿದೆ. ಗುರುತು ಹಾಕುವ ಗಳಿಗೆಯಲ್ಲಿ ಮಾವ "ಗಂಟೆ ಹತ್ತಾಯ್ತಲ್ಲ!" ಎಂದರು. ಬೆಳಕು ಗೋಡೆ ಗಡಿಯಾರದ ಮೇಲಿತ್ತು. ಹತ್ತಾಗಿ ಐದು ನಿಮಿಷ ಆಗಿದ್ದದ್ದು ಸ್ಪಷ್ಟವಾಗಿ ಕಂಡಿತು.

ಇಂಥ ಸಣ್ಣ ಸ್ಕ್ರೂಗಳನ್ನು ಒಣಗಿದ ಮರಕ್ಕೆ ಹಾಗೇ ತುರುಕಬಾರದು. ಎಳೆಗಳಿಗೆ ಸೋಪನ್ನೋ ಮೇಣವನ್ನೋ ಸವರಿಕೊಂಡರೆ ಸಲೀಸಾಗಿ ಇಳಿಯುತ್ತವೆ. ಬಚ್ಚಲಿನಿಂದ ಸೋಪು ತಂದು ಮೇಜಿನ ಮೇಲಿಟ್ಟುಕೊಂಡು ಐದು ಸ್ಕ್ರೂ ಹಾಗೇ ಕೂರಿಸಿದೆ. ಬೆಣ್ಣೆಗೆ ಹೋದ ಹಾಗೆ ಹೋದವು. ಆರನೆಯದಕ್ಕೆ ಕೈ ಚಾಚಿದರೆ ಸೋಪಿಲ್ಲ. "ಮೇಜಿನ ಮೇಲೆ ಯಾರೋ ಸೋಪು ಬಿಟ್ಟಿದ್ರು, ಬಚ್ಚಲಲ್ಲಿ ಇಟ್ಟು ಬಂದೆ," ಎಂದರು ಮಾವ. ಅವರು ಶಿಸ್ತಿನ ಮನುಷ್ಯ. ಬಚ್ಚಲಿಗೆ ಹೋದರೆ ಬಾಗಿಲು ಹಾಕಿತ್ತು, ಮಗಳು ಒಳಗೆ. ಒಂದು ಸ್ಕ್ರೂ ತಾನೇ ಎಂದು ಒಣದನ್ನೇ ಇಟ್ಟು ತಿರುಗಿಸಿದೆ.

ಸ್ಕ್ರೂ ಮುರಿಯುವ ಗಳಿಗೆಯನ್ನು ಅನುಭವಿಸಿದವರಿಗೆ ವಿವರಿಸಬೇಕಿಲ್ಲ. ಬಿಗಿ, ಇನ್ನೂ ಬಿಗಿ, ಹಿಡಿ ಜಾರುವಷ್ಟು ಬಿಗಿ. ಆಮೇಲೆ ಇದ್ದಕ್ಕಿದ್ದಂತೆ ಹಗುರ. ಆ ಅರ್ಧ ಸೆಕೆಂಡ್ "ಹಾ, ದಾರಿಗೆ ಬಂತು" ಎಂಬ ಸಂತೋಷವಾಗುತ್ತದೆ ನೋಡಿ, ಅದಕ್ಕಿಂತ ದೊಡ್ಡ ಮೋಸ ಲೋಕದಲ್ಲಿಲ್ಲ. ಸ್ಕ್ರೂಡ್ರೈವರ್ ಎತ್ತಿದರೆ ಅದರ ತುದಿಯ ಅಯಸ್ಕಾಂತಕ್ಕೆ ಅಂಟಿಕೊಂಡು ತಲೆಯೂ ಮೇಲೆ ಬಂತು. ದೇಹ ಮರದೊಳಗೆ ಉಳಿಯಿತು. ಅದೂ ಯಾವ ಕಿವಿ? ಜಿ.

ಒಳಗುಳಿದ ತುಂಡನ್ನು ತೆಗೆಯಲು ವಿಧಾನವಿದೆ. ಬಾಯಿಗೆ ಹಲ್ಲು ಕೊರೆದ ಸಪೂರ ಕೊಳವೆಯಿಂದ ತುಂಡಿನ ಸುತ್ತಲಿನ ಮರವನ್ನು ಕೊರೆದು, ಅದನ್ನು ಮರದ ಸಮೇತ ಕಿತ್ತು, ಹೊಸ ಮರದ ಬೆಣೆ ಬಡಿದು, ಗೋಂದು ಒಣಗಿದ ಮೇಲೆ ಮತ್ತೆ ತೂತು ಕೊರೆಯುವುದು. ಗಂಟೆ ಹನ್ನೊಂದು ದಾಟಿತ್ತು. ಮಾವ ಸೋಪು ತರಲು ಹೋಗಿದ್ದರು, ಟಾರ್ಚಿನ ಸಮೇತ. ಆ ಕತ್ತಲಲ್ಲಿ ನಾನು ಮಾಡಿದ್ದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಒಂದು ಹನಿ ಸೂಪರ್ ಗ್ಲೂ ಹಾಕಿ ಸ್ಕ್ರೂ ತಲೆಯನ್ನು ಅದರ ಜಾಗದಲ್ಲಿ ಕೂರಿಸಿದೆ. ಅದರ ಜೊತೆ ನನ್ನ ಎರಡು ಬೆರಳೂ ಕೂತವು. ಬಿಡಿಸಿಕೊಳ್ಳುವಾಗ ತಲೆ ಕೊಂಚ ಓರೆಯಾಯಿತು. ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ. ಐದು ಸ್ಕ್ರೂ ನಿಜ, ಒಂದು ವೇಷ. ಮುಂದುಗಡೆಯ ನಟ್ಟನ್ನು 10 ನಂಬರ್ ಸ್ಪ್ಯಾನರಿನಿಂದ ಇನ್ನೊಂದಿಷ್ಟು ಬಿಗಿ ಮಾಡಿ ದೇವರ ಮೇಲೆ ಭಾರ ಹಾಕಿದೆ.

ತಂತಿ ಸುತ್ತುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಂಬಕ್ಕೆ ಮೂರು ಸುತ್ತು ಬೇಕೆಂದರೆ ಗುಂಡಿಗೆ 54 ಸುತ್ತು. ಆರು ತಂತಿಗೆ 324. ಮಾವ ಗಟ್ಟಿಯಾಗಿ ಎಣಿಸುತ್ತಾ ಕೂತರು. ಮೂರನೆಯ ತಂತಿಯ ಹೊತ್ತಿಗೆ ಎಣಿಕೆ ತಪ್ಪಿ, "ಮೊದಲಿಂದ ಸುತ್ತೋಣವಾ?" ಎಂದು ಕೇಳಿದರು.

ಹನ್ನೆರಡಕ್ಕೆ ಹತ್ತು ನಿಮಿಷ. ಹೆಂಡತಿ, ಮಗಳು ಇಬ್ಬರೂ ಬಂದು ನಿಂತರು. ಹೊಸ ಕಿವಿಗಳು ಥಳಥಳ ಹೊಳೆಯುತ್ತಿದ್ದವು. ಫೋನಿನಲ್ಲಿ ಮುಳ್ಳು ಸಿದ್ಧವಾಗಿ ನಿಂತಿತು. ಇ ಸರಿ, ಎ ಸರಿ, ಡಿ ಸರಿ. ಜಿ. ಹೊಸ ಕಿವಿಯನ್ನು ಎರಡೇ ಬೆರಳಲ್ಲಿ, ನಯವಾಗಿ, 18ಕ್ಕೆ ಒಂದರ ಆ ನವಿರಿನಲ್ಲಿ ತಿರುಗಿಸಿದೆ. ಮುಳ್ಳು ಅಲುಗಲಿಲ್ಲ. ಇನ್ನೊಂಚೂರು ತಿರುಗಿಸಿದೆ. ಅಲುಗಲಿಲ್ಲ. ಇನ್ನೊಂಚೂರು.

ಟಿಣ್.

ಮುಳ್ಳು ಮಧ್ಯ ದಾಟಿ ಆ ತುದಿಗೆ ಹೋಗಿ ಕೂತಿತು. ಇಳಿಸಿದೆ, ಇಳಿದಂತೆ ನಟಿಸಿತು. ಒಂದು ನಿಮಿಷ ಬಿಟ್ಟು ನಿಜವಾಗಿಯೂ ಇಳಿಯಿತು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಮಾವನ ಟಾರ್ಚು ಸದ್ದಿಲ್ಲದೆ ಸರಿದು ಹೋಗಿ ಆ ಬಿಳಿ ಪಟ್ಟಿಯ ಮೇಲೆ ನಿಂತಿತು, ಸಂಜೆ ನಿಂತಿದ್ದ ಜಾಗದಲ್ಲೇ.

"ನನಗೇನು ಗೊತ್ತು," ಎಂದರು. "ಆದರೂ ಹೇಳ್ತೀನಿ. ಈ ತಂತಿ ಇಲ್ಲಿ ಕಚ್ಚಿಕೊಳ್ತಾ ಇದೆ. ನೀವು ತಿರುಗಿಸೋ ಸೆಳೆತ ಎಲ್ಲ ಇಲ್ಲೇ ತಡೆದು ನಿಂತು, ತಡೀಲಾರದೆ ಒಂದೇ ಸಲ ಜಾರುತ್ತೆ. ಅದಕ್ಕೇ ಟಿಣ್ ಅನ್ನೋದು. ಬೀಗ ಗಟ್ಟಿಯಾದ್ರೆ ನಾವು ಪೆನ್ಸಿಲ್ ಸೀಸ ಪುಡಿ ಮಾಡಿ ಹಾಕ್ತಿದ್ವಿ. ಪುಟ್ಟೀ, ಒಂದು ಪೆನ್ಸಿಲ್ ತಾರಮ್ಮ."

ಮಗಳು ಚೂಪು ಮಾಡಿದ ಪೆನ್ಸಿಲ್ ತಂದಳು. ಮಾವ ಟಾರ್ಚನ್ನು ನನ್ನ ಕೈಗೆ ಕೊಟ್ಟರು. ಜಿ ತಂತಿಯನ್ನು ಸಡಿಲ ಮಾಡಿಸಿ ಪಕ್ಕಕ್ಕೆ ಸರಿಸಿ, ಗೀರಿನೊಳಗೆ ಪೆನ್ಸಿಲ್ ಮೊನೆಯನ್ನು ನಾಲ್ಕು ಸಲ ಉಜ್ಜಿದರು. ಗೀರು ಕಪ್ಪಗೆ ಹೊಳೆಯಿತು. ತಂತಿ ಮತ್ತೆ ಕೂರಿಸಿ ಕಿವಿ ತಿರುಗಿಸಿದರೆ ಮುಳ್ಳು ಮೆಲ್ಲಗೆ, ಸದ್ದೇ ಇಲ್ಲದೆ ಏರಿ ಬಂದು ಮಧ್ಯದಲ್ಲಿ ನಿಂತಿತು. ನಿಂತೇ ಇತ್ತು. ಅಷ್ಟೂ ಕೆಲಸಕ್ಕೆ ಹಿಡಿದದ್ದು ಒಂದೂವರೆ ನಿಮಿಷ, ಅದರಲ್ಲಿ ಒಂದು ನಿಮಿಷ ಪೆನ್ಸಿಲ್ ಹುಡುಕಲು. ಕಿವಿ ಹಿಂದಕ್ಕೆ ತಿರುಗುವುದೇ ಇಲ್ಲ ಎಂದು ಏಳೂವರೆಗೆ ಪಾಠ ಹೇಳಿದವನು ನಾನೇ. ಹಾಗಿದ್ದರೆ ತಂತಿ ಇಳಿಯುವುದು ಹೇಗೆ ಎಂದು ಕೇಳಿದವರಿಗೆ ಬೆಳಕು ಸರಿಯಾಗಿ ಹಿಡಿಯಿರಿ ಎಂದವನೂ ನಾನೇ.

"ರೀ, ಟಾರ್ಚು ಸರಿಯಾಗಿ ಹಿಡೀರಿ, ಅಪ್ಪನ ಕಣ್ಣಿಗೆ ಬಿಡ್ತಾ ಇದ್ದೀರ," ಎಂದಳು ಹೆಂಡತಿ.

ಬೆಳಿಗ್ಗೆ ಎದ್ದು ನೋಡಿದೆ. ಜಿ ಇಳಿದಿಲ್ಲ. 12 ಹಳೆಯ ತೂತು, ಆರು ಬಿಳಿಚು ಗುರುತು, ಒಂದು ವಾಲಿದ ಕಿವಿ, ಒಂದು ಎದ್ದ ಚಕ್ಕೆ. ಆರು ಎಡಗಿವಿಗಳ ಡಬ್ಬಿ ಕಪಾಟಿನಲ್ಲಿ ಹಾಗೇ ಇದೆ, ಯಾರಿಗಾದರೂ ಬೇಕಿದ್ದರೆ ಹೇಳಿ. ಮುರಿದ ಸ್ಕ್ರೂವಿನ ಗುಟ್ಟು ನನಗೂ ಈಗ ನಿಮಗೂ ಮಾತ್ರ ಗೊತ್ತು.

ಇಷ್ಟು ಬರೆಯುವ ಹೊತ್ತಿಗೆ ಹಾಲಿನಿಂದ ಟಾರ್ಚಿನ ಬಟನ್ 'ಟಕ್' ಎಂದ ಸದ್ದು. ಹಾಡಹಗಲು. ಮಾವ ಗಿಟಾರನ್ನು ಬೋರಲು ಹಾಕಿಕೊಂಡು ಒಂದೊಂದೇ ಕಿವಿಯನ್ನು ಪರೀಕ್ಷಿಸುತ್ತಾ ಬರುತ್ತಿದ್ದಾರೆ.

"ಅಳಿಯಂದಿರೇ, ಈ ಕೊನೇ ಸ್ಕ್ರೂ ಸ್ವಲ್ಪ ಓರೆ ಕೂತ ಹಾಗಿದೆಯಲ್ಲ. ನನಗೇನು ಗೊತ್ತು, ಆದರೂ ಇನ್ನೊಂದು ಕಾಲು ಸುತ್ತು ತಿರುಗಿಸಿದ್ರೆ ಸರಿಯಾಗುತ್ತೆ. ನೀವು ಬರೀತಿರಿ, ಏಳಬೇಡಿ. ಸ್ಕ್ರೂಡ್ರೈವರ್ ಇಲ್ಲೇ ಇದೆ."